ಎರಡು ವಾರದ ಅಮ್ಮನಾಗಬೇಡ

ಪ್ರೀತಿಯ ಮಗಳೇ,

ಫಿಸಿಯೋಥೆರಪಿ ಪದವಿ ಮುಗಿದ ಕೂಡಲೇ ಕಾಂಬೋಡಿಯಾದ ಅನಾಥಾಶ್ರಮವೊಂದಕ್ಕೆ ಸ್ವಯಂಸೇವೆಗೆ ಹೋಗುತ್ತೇನೆ ಅಂದೆಯಲ್ಲ, ಕೇಳಿ ಹೆಮ್ಮೆಯಾಯಿತು. ಯಾರದೋ ಮಕ್ಕಳ ಕಷ್ಟಕ್ಕೆ ನಿನ್ನ ಮನಸ್ಸು ಮಿಡಿಯುತ್ತದೆ ಅನ್ನುವುದು ಸಣ್ಣ ವಿಷಯವಲ್ಲ. ಆದರೆ ನೀನು ಕಳಿಸಿದ ಕಾರ್ಯಕ್ರಮದ ವಿವರ ಓದಿದ ಮೇಲೆ, ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿತು.

ಎರಡು ವಾರ ಮಕ್ಕಳ ಜೊತೆ ಆಡುವುದು, ಊಟ ಮಾಡಿಸುವುದು, ಮಲಗಿಸುವುದು. ಅನುಭವ ಬೇಕಿಲ್ಲ, ಪೊಲೀಸ್ ಪರಿಶೀಲನೆಯ ಮಾತೇ ಇಲ್ಲ, ಹಣ ಕಟ್ಟಿದರೆ ಸಾಕು. ನನ್ನನ್ನು ಹೆದರಿಸಿದ್ದು ಇದೇ. ನಿನ್ನನ್ನು ಏನೂ ಕೇಳದೆ ಮಕ್ಕಳ ಕೋಣೆಯೊಳಗೆ ಬಿಡುವವರು ಬೇರೆ ಯಾರನ್ನು ಬೇಕಾದರೂ ಹಾಗೇ ಬಿಡುತ್ತಾರೆ.

ನೀನು ಕಾಲಿಟ್ಟ ತಕ್ಷಣ ಮೂರು ವರ್ಷದ ಮಗುವೊಂದು ಓಡಿ ಬಂದು ನಿನ್ನ ಕಾಲು ತಬ್ಬಿಕೊಳ್ಳಬಹುದು, ಎತ್ತಿಕೋ ಅಂತ ಕೈ ಚಾಚಬಹುದು. ಯಾರಿಗಾದರೂ ಕರುಳು ಚುರ್ರೆನ್ನುತ್ತದೆ. ಆದರೆ ಯೋಚಿಸು, ಮನೆಯಲ್ಲಿ ಬೆಳೆಯುವ ಆ ವಯಸ್ಸಿನ ಮಗು ಹೊಸಬರನ್ನು ಕಂಡರೆ ಸಾಮಾನ್ಯವಾಗಿ ಅಮ್ಮನ ಹಿಂದೆ ಅಡಗುತ್ತದೆ, ಅಲ್ಲಿಂದ ಇಣುಕಿ ನೋಡುತ್ತದೆ. ಕಂಡಕಂಡವರ ತೋಳಿಗೆ ಬೀಳುವುದು ಇಂಥ ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ತಜ್ಞರು ಮತ್ತೆ ಮತ್ತೆ ಗುರುತಿಸಿರುವ ಲಕ್ಷಣ. ತನ್ನವರು ಅಂತ ಒಬ್ಬರೂ ನಿಲ್ಲದೆ ಹೋದಾಗ ಹುಟ್ಟುವ ಸಲಿಗೆ ಅದು. ನೀನು ಎತ್ತಿ ಮುದ್ದಾಡಿ ಎರಡು ವಾರಕ್ಕೆ ಹೊರಟುಬಿಡುತ್ತೀಯ. ನಿನಗಿಂತ ಮೊದಲು ಬಂದವರೂ ಹಾಗೇ ಹೊರಟಿರುತ್ತಾರೆ, ನಂತರ ಬರುವವರೂ ಹೊರಡುತ್ತಾರೆ. ಆ ಮಗು ಎಷ್ಟು ಸಲ ಅಂತ ಬೀಳ್ಕೊಡಬೇಕು?

ಇದು ಬರೀ ತಾಯಿಯ ಕಳವಳವಲ್ಲ. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನವೊಂದಿದೆ. ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕು ಕುಟುಂಬಗಳಿಗೆ ಒಪ್ಪಿಸಿ, ಎಲ್ಲರನ್ನೂ ವರ್ಷಗಟ್ಟಲೆ ಗಮನಿಸಿದರು. ಮನೆ ಸಿಕ್ಕ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು, ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಎಷ್ಟೋ ಚೇತರಿಸಿಕೊಂಡರು. ಮಗುವಿಗೆ ಬೇಕಾದದ್ದು ಬಿಟ್ಟುಹೋಗದ ಒಬ್ಬ ಮನುಷ್ಯ.

ಇನ್ನು ಕಾಂಬೋಡಿಯಾ. 2005ರಿಂದ 2010ರ ನಡುವೆ ಅಲ್ಲಿ ಇಂಥ ಆಶ್ರಮಗಳು ಶೇ. 75ರಷ್ಟು ಹೆಚ್ಚಾದವು. ಅನಾಥರು ಹೆಚ್ಚಿದ್ದರಿಂದಲ್ಲ. ಅಲ್ಲಿದ್ದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ಓದಿಸುತ್ತಾರೆ, ಹೊಟ್ಟೆ ತುಂಬಿಸುತ್ತಾರೆ ಎಂಬ ನಂಬಿಕೆಯಲ್ಲಿ ಬಡ ಹೆತ್ತವರು ಮಕ್ಕಳನ್ನು ಕಳಿಸುತ್ತಿದ್ದರು. ಪ್ರವಾಸಿಗರ ಮತ್ತು ಸ್ವಯಂಸೇವಕರ ಹಣ ಬರುವ ಕಡೆ ಮಕ್ಕಳು ಇರಲೇಬೇಕಾಯಿತು. ಒಬ್ಬ ತಾಯಿಯಾಗಿ ನನಗೆ ಇದನ್ನು ಓದುವುದೇ ಕಷ್ಟವಾಯಿತು, ಆ ಹೆಂಗಸರ ಜಾಗದಲ್ಲಿ ನಿಂತು ನೋಡಿದರೆ ಇನ್ನೂ ಕಷ್ಟ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ, ಅನಾಥಾಶ್ರಮಗಳಲ್ಲಿನ ಸ್ವಯಂಸೇವೆಯಿಂದ ಮಕ್ಕಳಿಗಾಗುವ ಹಾನಿಯನ್ನು ತಡೆಯಬೇಕು ಎಂದು ನಿರ್ಣಯದಲ್ಲೇ ಹೇಳಿತು.

ಹಾಗಾದರೆ ಹೋಗಲೇಬಾರದಾ ಅಂತ ಕೇಳುತ್ತೀಯ, ಗೊತ್ತು. ಹೋಗು. ಆದರೆ ನೀನು ಕಲಿತದ್ದನ್ನು ಜೊತೆಗೆ ತೆಗೆದುಕೊಂಡು ಹೋಗು. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಯ ಚಲನೆಯ ಹಿಡಿತ ತಪ್ಪುವ ಸ್ಥಿತಿ, ಇರುವ ಮಗುವನ್ನು ಅಂಗಾತ ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ ಅಂತ ನೀನೇ ನನಗೆ ಹೇಳಿಕೊಟ್ಟವಳು. ಬೆನ್ನಿಗೆ ಆಧಾರ ಕೊಟ್ಟು ನೆಟ್ಟಗೆ ಕೂರಿಸುವುದು, ಗದ್ದ ತುಸು ಕೆಳಗಿರುವಂತೆ ತಲೆ ಹಿಡಿಯುವುದು, ಅದರ ಕಣ್ಣಿನ ಮಟ್ಟಕ್ಕೆ ಕೂತು ಸಣ್ಣ ತುತ್ತು ಕೊಟ್ಟು ನುಂಗುವವರೆಗೆ ಕಾಯುವುದು. ಇದನ್ನು ಆ ಮಗುವಿನ ಅಮ್ಮನಿಗೋ ಅಜ್ಜಿಗೋ ಕಲಿಸು. ನೀನೇ ಉಣಿಸಬೇಡ, ಅವರು ಉಣಿಸುವಾಗ ಪಕ್ಕದಲ್ಲಿರು. ನೀನು ಹೊರಟ ಮರುದಿನವೂ ಆ ಕೈಗಳು ಅಲ್ಲೇ ಇರುತ್ತವೆ. ಅಂಗವೈಕಲ್ಯವಿರುವ ಮಕ್ಕಳು ಮನೆಯಲ್ಲೇ ಉಳಿಯುವಂತೆ ಕುಟುಂಬಗಳ ಜೊತೆ ಕೆಲಸ ಮಾಡುವ ಸಂಸ್ಥೆಗಳಿವೆ. ಅಂಥವರು ಎರಡು ವಾರಕ್ಕೆ ಬರುವವರನ್ನು ಸುಲಭಕ್ಕೆ ಒಪ್ಪುವುದಿಲ್ಲ, ನಿನ್ನ ದಾಖಲೆಗಳನ್ನೆಲ್ಲ ಜಾಲಾಡುತ್ತಾರೆ. ಬೇಸರಪಟ್ಟುಕೊಳ್ಳಬೇಡ, ನನಗೆ ನೆಮ್ಮದಿ ಕೊಡುವುದೇ ಅದು. ಭಾಷೆಯನ್ನೂ ಅಷ್ಟಿಷ್ಟು ಕಲಿ; ನೋಯುತ್ತಿದೆಯಾ ಅಂತ ಕೇಳಲಾದರೂ ಬರಬೇಕು.

ಫೋಟೋ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾವ ಮಗುವಿನ ಮುಖವನ್ನೂ ನಿನ್ನ ಸ್ಟೇಟಸ್‌ನಲ್ಲಿ ಹಾಕಬೇಡ.

ಹಣ ಕಟ್ಟುವ ಮೊದಲು ಆ ಆಶ್ರಮಕ್ಕೆ ಒಂದು ಇಮೇಲ್ ಬರೆ. ಮಕ್ಕಳಿಗೆ ಹೆತ್ತವರಿದ್ದಾರಾ, ಅವರು ಬಂದು ನೋಡುತ್ತಾರಾ, ಕಳೆದ ವರ್ಷ ಎಷ್ಟು ಮಕ್ಕಳನ್ನು ಮನೆಗೆ ತಲುಪಿಸಿದಿರಿ, ನಾನು ಕಟ್ಟುವ ಹಣ ಎಲ್ಲಿಗೆ ಹೋಗುತ್ತದೆ ಅಂತ ಕೇಳು. ಉತ್ತರ ಬಂದರೆ ನನಗೂ ಕಳಿಸು, ಕೂತು ಓದೋಣ. ಬರದಿದ್ದರೆ ಟಿಕೆಟ್‌ಗೆ ತೆಗೆದಿಟ್ಟ ಹಣ ಹಾಗೇ ಇರಲಿ, ಬೇರೆ ಸಂಸ್ಥೆ ಹುಡುಕೋಣ. ನಾನೂ ಹುಡುಕುತ್ತೇನೆ.

ನಿನ್ನ
ಅಮ್ಮ