ತತ್ತಿ ಬೇಯಿಸಲು ಯಂತ್ರ ಬೇಕೋ, ಒಲೆ ಸಾಕೋ?

ಮಾನ್ಯ ಸಂಪಾದಕರಿಗೆ,

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಹಿಡಿದು ಧಾರವಾಡದ ಸುಭಾಸ ರಸ್ತೆಯವರೆಗೆ ಪಾತ್ರೆ ಅಂಗಡಿಗಳಲ್ಲಿ ಈಗ ಮಿಕ್ಸರ್, ಕೆಟಲ್‌ಗಳ ಸಾಲಿನಲ್ಲಿ ಎಗ್ ಬಾಯ್ಲರ್ ಎಂಬ ಯಂತ್ರವೂ ಮಾರಾಟಕ್ಕಿದೆ. ಒಲೆಯ ಮೇಲೆ ಬೇಯಿಸಿದ್ದಕ್ಕಿಂತ ಇದರಲ್ಲಿ ಬೆಂದ ತತ್ತಿ ರುಚಿ, ಸಿಪ್ಪೆ ಸಲೀಸಾಗಿ ಬಿಡುತ್ತದೆ, ಗ್ಯಾಸ್ ಉಳಿಯುತ್ತದೆ ಎಂಬ ಮಾತನ್ನು ನಂಬಿ ಕೊಳ್ಳುವವರು ಹೆಚ್ಚುತ್ತಿದ್ದಾರೆ. ಗೃಹವಿಜ್ಞಾನ ಕಲಿಸಿದವಳಾದ ನನಗೆ ತಿಳಿದ ಮಟ್ಟಿಗೆ, ಈ ಯಂತ್ರ ಕೊಡುವ ಫಲವನ್ನೆಲ್ಲ ಮನೆಯ ಇಡ್ಲಿ ಪಾತ್ರೆಯೂ ಕೊಡಬಲ್ಲದು. ಯಂತ್ರ ನಿಜವಾಗಿ ಬೇಕಾಗಿರುವುದು ಒಲೆಯೇ ಇಲ್ಲದವರಿಗೆ.

ಹೆಸರಿಗೆ ಬಾಯ್ಲರ್ ಆದರೂ ಇದರಲ್ಲಿ ತತ್ತಿ ಬೇಯುವುದು ಹಬೆಯಲ್ಲಿ. ಜೊತೆಗೆ ಕೊಡುವ ಪುಟ್ಟ ಲೋಟದಿಂದ ನೀರನ್ನು ಅಳೆದು ಬಿಸಿತಟ್ಟೆಯ ಮೇಲೆ ಸುರಿದು, ತತ್ತಿ ಜೋಡಿಸಿ ಮುಚ್ಚಳ ಹಾಕಿದರೆ, ನೀರು ಇರುವಷ್ಟು ಹೊತ್ತು ತಟ್ಟೆಯ ಬಿಸಿ ಕುದಿಯುವ ಮಟ್ಟದ ಆಸುಪಾಸಿನಲ್ಲೇ ನಿಂತಿರುತ್ತದೆ. ನೀರು ಪೂರ್ತಿ ಆರಿದೊಡನೆ ಬಿಸಿ ಥಟ್ಟನೆ ಏರಿ, ಥರ್ಮೋಸ್ಟಾಟ್ ವಿದ್ಯುತ್ತನ್ನು ನಿಲ್ಲಿಸುತ್ತದೆ. ಹೆಚ್ಚು ತತ್ತಿಗೆ ಕಡಿಮೆ ನೀರು ಎಂದು ಲೋಟದ ಗೆರೆಗಳು ತೋರಿಸುವುದನ್ನು ಕಂಡು ಅಚ್ಚಿನ ತಪ್ಪಿರಬೇಕೆಂದು ಭಾವಿಸುವವರಿದ್ದಾರೆ. ಅದು ಸರಿಯಾದ ಅಳತೆಯೇ. ತಣ್ಣನೆಯ ತತ್ತಿಗೆ ತಗಲಿದ ಹಬೆ ಹನಿಯಾಗಿ ತಟ್ಟೆಗೆ ಇಳಿದು ಮತ್ತೆ ಹಬೆಯಾಗುತ್ತದೆ. ತತ್ತಿ ಹೆಚ್ಚಿದಷ್ಟೂ ಹೀಗೆ ಮರಳುವ ನೀರು ಹೆಚ್ಚು, ಆದ್ದರಿಂದ ಮೊದಲು ಸುರಿಯಬೇಕಾದದ್ದು ಕಡಿಮೆ.

ರುಚಿಯ ಮಾತಿಗೆ ಆಧಾರವಿಲ್ಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಧಾರವಾಡದಲ್ಲಿ ನೀರು 97ರಿಂದ 98 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಹಬೆಯ ಬಿಸಿಯೂ ಅಷ್ಟೇ. ಹಳದಿ ಭಾಗ 70 ಡಿಗ್ರಿಯ ಸುಮಾರಿಗೆ, ಬಿಳಿ ಭಾಗ 80 ಡಿಗ್ರಿಯ ಸುಮಾರಿಗೆ ಪೂರ್ತಿ ಗಟ್ಟಿಯಾಗುವುದರಿಂದ ಎರಡೂ ಕಡೆ ಒಂದೇ ಪರಿಣಾಮ. ಹಳದಿಯ ಸುತ್ತ ಹಸಿರುಗಪ್ಪು ಬಳೆ ಮೂಡುವುದು ಬಿಳಿಯಲ್ಲಿನ ಗಂಧಕ ಹಳದಿಯಲ್ಲಿನ ಕಬ್ಬಿಣದೊಡನೆ ಕೂಡುವುದರಿಂದ, ಅಂದರೆ ಹೆಚ್ಚು ಹೊತ್ತು ಬೇಯಿಸಿದ್ದರಿಂದ. ಯಂತ್ರ ತಾನಾಗಿ ನಿಂತರೂ ತತ್ತಿಗಳನ್ನು ಮುಚ್ಚಳದೊಳಗೇ ಮರೆತರೆ ಅಲ್ಲಿಯೂ ಬಳೆ ಮೂಡುತ್ತದೆ. ಕೂಡಲೇ ತಣ್ಣೀರಿಗೆ ಹಾಕುವುದೊಂದೇ ಇದಕ್ಕೆ ಉಪಾಯ.

ಸಿಪ್ಪೆಯ ಮಾತಿನಲ್ಲಿ ಮಾತ್ರ ನಿಜಾಂಶವಿದೆ. ತಣ್ಣೀರಿನಲ್ಲಿಟ್ಟು ನಿಧಾನವಾಗಿ ಕಾಯಿಸಿದಾಗ ಬಿಳಿ ಭಾಗ ಸಿಪ್ಪೆಯೊಳಗಿನ ಪೊರೆಗೆ ಅಂಟಿಕೊಳ್ಳುತ್ತದೆ. ಮೊದಲೇ ಜೋರು ಬಿಸಿ ತಗಲಿದರೆ ಅಷ್ಟು ಅಂಟುವುದಿಲ್ಲ. ಆದರೆ ನೀರು ಮರಳಿದ ಮೇಲೆ ಸೌಟಿನಿಂದ ತತ್ತಿಗಳನ್ನು ಮೆಲ್ಲಗೆ ಇಳಿಬಿಟ್ಟರೆ ಒಲೆಯ ಮೇಲೂ ಇದೇ ಲಾಭ ದೊರೆಯುತ್ತದೆ. ಸಂತೆಯಿಂದ ತಂದ ತೀರ ತಾಜಾ ಜವಾರಿ ತತ್ತಿಗಳು ಯಾವ ವಿಧಾನಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಒಳಗಿನ ಇಂಗಾಲದ ಡೈಆಕ್ಸೈಡ್ ಸಿಪ್ಪೆಯ ಸೂಕ್ಷ್ಮ ರಂಧ್ರಗಳಿಂದ ಹೊರಹೋಗಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಬಿಳಿ ಭಾಗ ಪೊರೆಯನ್ನು ಬಿಡಲೊಲ್ಲದು.

ಇನ್ನು ಖರ್ಚು. 350 ವ್ಯಾಟ್ ಯಂತ್ರ 12 ನಿಮಿಷ ನಡೆದರೆ ಒಂದು ಯೂನಿಟ್ಟಿನಲ್ಲಿ ಹದಿನಾಲ್ಕು ಸಲ ಬೇಯಿಸಬಹುದು. ನಾಲ್ಕು ತತ್ತಿಗಾಗಿ ಬೋಗುಣಿ ತುಂಬ ನೀರಿಟ್ಟು, ಮುಚ್ಚಳವಿಲ್ಲದೆ ಕುದಿಸಿ, ಆ ಬಿಸಿನೀರನ್ನು ಬಚ್ಚಲಿಗೆ ಚೆಲ್ಲುವ ನಮ್ಮ ರೂಢಿಗೆ ಹೋಲಿಸಿದರೆ ಇದು ಮಿತವ್ಯಯವೇ ಸರಿ. ಅದೇ ಇಡ್ಲಿ ಪಾತ್ರೆಯ ತಳದಲ್ಲಿ ಒಂದು ಲೋಟ ನೀರು ಕುದಿಸಿ, ಒಂದು ತಟ್ಟೆಯ ಗುಳಿಗಳಲ್ಲಿ ಉರುಳದಂತೆ ತತ್ತಿ ಕೂಡಿಸಿ, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ 12 ನಿಮಿಷ ಇಟ್ಟರೆ ಗ್ಯಾಸೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಗೃಹಜ್ಯೋತಿಯ ಮಿತಿಯೊಳಗಿರುವ ಮನೆಗಳಿಗೆ ವಿದ್ಯುತ್ ಉಚಿತ, ಸಿಲಿಂಡರ್‌ಗೆ ಹಣ. ಯಂತ್ರ ಅಗ್ಗವೆನಿಸಲು ಇದೂ ಒಂದು ಕಾರಣ. ಕೊಳವೆಬಾವಿಯ ಗಡಸು ನೀರು ಬಳಸುವವರು ಇನ್ನೊಂದನ್ನು ಗಮನಿಸಬೇಕು. ಪ್ರತಿ ಸಲವೂ ನೀರು ತಟ್ಟೆಯ ಮೇಲೆಯೇ ಆರುವುದರಿಂದ ಸುಣ್ಣದಂಥ ಬಿಳಿ ಪದರು ಬೆಳೆಯುತ್ತ ಹೋಗುತ್ತದೆ. ವಾರಕ್ಕೊಮ್ಮೆ ತಟ್ಟೆ ಆರಿದ ಮೇಲೆ ನಿಂಬೆರಸ ಸವರಿ ಒರೆಸದಿದ್ದರೆ ಬಿಸಿಯ ಲೆಕ್ಕವೇ ತಪ್ಪುತ್ತದೆ.

ಆದರೂ ಯಂತ್ರವನ್ನು ನಾನು ಬೇಡವೆನ್ನುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಬಂದು ಸಪ್ತಾಪುರದ ಕೊಠಡಿಗಳಲ್ಲಿರುವ ಹುಡುಗ-ಹುಡುಗಿಯರು ಚಹಾ ಕಾಯಿಸುವ ಕೆಟಲ್‌ನಲ್ಲೇ ತತ್ತಿ ಬೇಯಿಸುತ್ತಾರೆ. ನೀರು ಕುದಿದೊಡನೆ ಕೆಟಲ್ ನಿಲ್ಲುವುದರಿಂದ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ, ಅರೆಬೆಂದದ್ದನ್ನೇ ತಿಂದು ಓದಲು ಕೂಡುತ್ತಾರೆ, ಒಡೆದ ತತ್ತಿಯ ಬಿಳಿ ಕೆಟಲ್‌ನ ತಳಕ್ಕೆ ಕಚ್ಚಿರುತ್ತದೆ. ಹಸಿ ತತ್ತಿಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುವ ಸಂಭವ ಇರುವುದರಿಂದ ಬಿಳಿ, ಹಳದಿ ಎರಡೂ ಗಟ್ಟಿಯಾಗುವಂತೆ ಬೇಯಲೇಬೇಕು. 1500 ವ್ಯಾಟ್ ಕೆಟಲ್‌ಗೆ ಹೋಲಿಸಿದರೆ ಈ ಯಂತ್ರ ಹಳೆಯ ವೈರಿಂಗಿನ ಮೇಲೆ ಹೊರಿಸುವ ಭಾರ ಅದರ ಕಾಲುಭಾಗದಷ್ಟೂ ಇಲ್ಲ. ಆದ್ದರಿಂದ ಕೆಟಲ್‌ಗೆ ಒಪ್ಪಿಗೆ ಕೊಟ್ಟು ಎಗ್ ಬಾಯ್ಲರ್‌ಗೆ ಬೇಡವೆನ್ನುವ ಕೊಠಡಿ ಮಾಲೀಕರು ತಮ್ಮ ನಿಯಮವನ್ನು ದಯವಿಟ್ಟು ಬದಲಿಸಬೇಕು. ಮಾರುವವರು ನೀರಿನ ಅಳತೆಯನ್ನೂ, ಅಳತೆ ಲೋಟದ ಅಡಿಯಲ್ಲಿರುವ ಚೂಪು ಮೊಳೆಯಿಂದ ತತ್ತಿಯ ಅಗಲ ತುದಿಗೆ ಚುಚ್ಚಬೇಕಾದ ರೀತಿಯನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಮಾಡಿಸಿ ಪೆಟ್ಟಿಗೆಯೊಂದಿಗೆ ಕೊಡಬೇಕೆಂದು ವಿನಂತಿಸುತ್ತೇನೆ.

ನಿವೃತ್ತ ಗೃಹವಿಜ್ಞಾನ ಅಧ್ಯಾಪಕಿ,
ಸಪ್ತಾಪುರ, ಧಾರವಾಡ