ಬೆಂಗ್ರೆಗೆ ಕಲ್ಲಿಗಿಂತ ಹೊಯ್ಗೆ ಬೇಕು ಸಚಿವರೇ

ಮಾನ್ಯ ಮೀನುಗಾರಿಕೆ ಮತ್ತು ಬಂದರು ಸಚಿವರಿಗೆ ನಮಸ್ಕಾರ.

ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಗೆ ನೀವು ಬಂದೇ ಇರುತ್ತೀರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸ್ವರ್ಣಾ ನದಿ, ನಡುವೆ ಒಂದು ರಸ್ತೆ, ತೆಂಗು, ಮನೆಗಳು. ತುದಿಯಲ್ಲಿ ನದಿ ಕಡಲು ಸೇರುವ ಅಳಿವೆ. ಊರು ನಿಂತಿರುವುದೇ ಹೊಯ್ಗೆ, ಅಂದರೆ ಮರಳಿನ ಮೇಲೆ. ಸಸಿಹಿತ್ಲು, ಮಂಗಳೂರಿನ ಬೆಂಗ್ರೆ, ಎಲ್ಲ ಇದೇ ಜಾತಿಯವು.

ಈ ಹೊಯ್ಗೆ ಒಂದೇ ಕಡೆ ಕೂರುವುದಲ್ಲ. ಮಳೆಗಾಲದ ಅಲೆ ಎಳೆದುಕೊಂಡು ಹೋದದ್ದನ್ನು ದೀಪಾವಳಿ ಕಳೆದ ಮೇಲೆ ಸಣ್ಣ ಅಲೆಗಳು ವಾಪಸ್ ತಂದು ಹಾಕುತ್ತವೆ. ದೊಡ್ಡ ಗಾಳಿ ಬಂದಾಗ ಕಡಲು ದಂಡೆ ಹತ್ತಿ ಹೊಯ್ಗೆಯನ್ನು ನದಿಯ ಕಡೆಗೆ ಚೆಲ್ಲುತ್ತದೆ, ಹಾಗೆ ಚೆಲ್ಲಿ ಚೆಲ್ಲಿಯೇ ದಂಡೆ ನಿಧಾನಕ್ಕೆ ಹಿಂದೆ ಸರಿಯುತ್ತದೆ, ಸ್ವಲ್ಪ ಎತ್ತರವೂ ಆಗುತ್ತದೆ. ನೀರು ಏರಿದರೂ ಬದುಕಲು ಅದಕ್ಕಿರುವ ದೊಡ್ಡ ಉಪಾಯ ಅದೇ.

ನೀರು ಏರುತ್ತಿರುವುದಂತೂ ನಿಜ. ಜಗತ್ತಿನ ಸಮುದ್ರಮಟ್ಟ 1901ರಿಂದ 2018ರೊಳಗೆ ಸರಾಸರಿ 20 ಸೆಂಟಿಮೀಟರ್ ಏರಿದೆ. ಅದರಲ್ಲಿ 2006ರಿಂದ 2018ರವರೆಗೆ ವರ್ಷಕ್ಕೆ 3.7 ಮಿಲಿಮೀಟರ್. ಅದೇನು ಮಹಾ ಅನ್ನಿಸಬಹುದು, ಆದರೆ ಚಪ್ಪಟೆ ದಂಡೆಯಲ್ಲಿ ಬೆರಳಷ್ಟು ಏರಿದ ನೀರು ಎಷ್ಟೋ ಅಡಿ ಒಳಗೆ ಬರುತ್ತದೆ, ಅಲ್ವಾ?

ಇದಕ್ಕೆ ನಮ್ಮ ಮದ್ದು ಕಲ್ಲು, ಅಂದರೆ ದಂಡೆಗೆ ಬಂಡೆ ಪೇರಿಸಿದ ತಡೆಗೋಡೆ. ಮನೆ ಬೀಳುವ ಹೊತ್ತಿಗೆ ಕಲ್ಲು ಬೇಡ ಅನ್ನಲು ನನಗೂ ಬಾಯಿ ಬರುವುದಿಲ್ಲ. ಆದರೆ ಕಲ್ಲಿಗೆ ಬಡಿದ ಅಲೆ ಬುಡದ ಹೊಯ್ಗೆ ಕೆರೆಯುತ್ತದೆ, ಕಲ್ಲು ಕೂರುತ್ತದೆ, ಅದರ ಮೇಲೆ ಮತ್ತೆ ಕಲ್ಲು. ಗೋಡೆ ಮುಗಿದಲ್ಲಿ ಪಕ್ಕದವರ ತೆಂಗಿನ ಮರ ಹೋಗುತ್ತದೆ. ಆಮೇಲೆ ಅಲ್ಲಿಗೂ ಒಂದು ಗೋಡೆ.

ಎರಡು ವರ್ಷದ ಹಿಂದೆ, ಜನವರಿಯ ಒಂದು ರಾತ್ರಿ, ಇಂಥದ್ದೇ ಒಂದು ಗೋಡೆಯ ಹತ್ತಿರ ಕಡಲಾಮೆ ಬಂದದ್ದು ನೋಡಿದೆ. ಆಲಿವ್ ರಿಡ್ಲೆ ಜಾತಿಯದು. ಉಸ್ಸೆಂದು ಉಸಿರು ಬಿಡುತ್ತಾ ಕಲ್ಲಿನ ಬುಡದವರೆಗೆ ತೆವಳಿತು, ತಲೆ ತಾಗಿಸಿತು, ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಕಡೆಗೆ ಮೊಟ್ಟೆ ಇಡದೆ ವಾಪಸ್ ಹೋಯಿತು. ಬೆಳಿಗ್ಗೆ ಟ್ರ್ಯಾಕ್ಟರ್ ಚಕ್ರ ಹಾದಂತೆ ಗುರುತು ಮಾತ್ರ ಇತ್ತು. ಅದರ ನೂರರಷ್ಟು ಮೊಟ್ಟೆ ಮರಿಯಾಗಲು ಸುಮಾರು 45ರಿಂದ 60 ದಿನ ಉಪ್ಪುನೀರು ನಿಲ್ಲದ ಹೊಯ್ಗೆಯಲ್ಲಿ ಇರಬೇಕು. ಕುಂದಾಪುರದ ಕೋಡಿಯಲ್ಲಿ ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ, ಒಳ್ಳೆಯದೇ. ದಂಡೆಯೇ ಇಲ್ಲದಿದ್ದರೆ ಬೇಲಿ ಎಲ್ಲಿಗೆ ಕಟ್ಟುವುದು?

ನಾನು ಕೇಳುವುದು ಜಾಸ್ತಿ ಏನಲ್ಲ. ಅಳಿವೆಯ ಹೂಳು ತೆಗೆದಾಗ, ದಿಬ್ಬ ತೆರವು ಮಾಡಿದಾಗ ಸಿಗುವ ಹೊಯ್ಗೆ ಲಾರಿ ಹತ್ತುವ ಮೊದಲು ಕೊರೆದುಹೋದ ದಂಡೆಗೆ ಬೀಳಲಿ. ಮನೆ ಇಲ್ಲದ ಕಡೆ ಸುಮ್ನೆ ಕಲ್ಲು ಹಾಕಬೇಡಿ. ಹೊಯ್ಗೆ ಹಿಡಿದಿಡುವ ಅಡುಂಬು ಬಳ್ಳಿಯನ್ನು ಕಸ ಅಂತ ಜೆಸಿಬಿಯಲ್ಲಿ ಬಳಿಯುವುದು ನಿಲ್ಲಲಿ.

ಮುಂದಿನ ಟೆಂಡರ್ ಕರೆಯುವ ಮೊದಲು ಒಮ್ಮೆ ಬನ್ನಿ. ನೀರು ಇಳಿದ ಹೊತ್ತಿಗೆ ಬಂದರೆ ಹಳೆಯ ಕಲ್ಲು ಎಷ್ಟು ಕೂತಿದೆ ಅಂತ ಬುಡದಲ್ಲೇ ಕಾಣುತ್ತದೆ.

ಇಂತಿ,
ಕರಾವಳಿಯ ಒಬ್ಬ ಮತದಾರ