ಬ್ಲಾಕ್ ಹೋಲ್ ಸುದ್ದಿಗೆ ರಾಕ್ಷಸ ಅಂತ ಹೆಡ್ಡಿಂಗ್ ಕೊಡಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಗದಗ ಜಿಲ್ಲಾ ಮುಂಡರಗಿ ತಾಲೂಕಿನ ಒಂದು ಹೈಸ್ಕೂಲಿನ್ಯಾಗ ವಿಜ್ಞಾನ ಕಲಸ್ತೀನಿ. ನಮ್ಮ ಸಾಲ್ಯಾಗ ದಿನಾ ಮುಂಜಾನೆ ಪ್ರಾರ್ಥನಾ ಆದ ಮ್ಯಾಲ ಒಬ್ಬರು ಪೇಪರ್ ಓದಬೇಕು. ಹೋದ ವಾರ ಎಂಟನೇತ್ತೆ ಹುಡುಗಿ ನಿಮ್ಮ ಪೇಪರಿನ್ಯಾಗ ಬಂದಿದ್ದ ಬ್ಲಾಕ್ ಹೋಲ್ ಸುದ್ದಿ ಓದಿದ್ಲು, ಹೆಡ್ಡಿಂಗಿನ್ಯಾಗ ಸಣ್ಣ ಗೆಲಾಕ್ಸಿಗಳನ್ನ ನುಂಗೋ ರಾಕ್ಷಸ ಅಂತ ಇತ್ತು. ಗೆಲಾಕ್ಸಿ ಅಂದ್ರ ಕೋಟಿಗಟ್ಟಲೆ ನಕ್ಷತ್ರಗಳ ದೊಡ್ಡ ಕೂಟ, ಬ್ಲಾಕ್ ಹೋಲ್ ಅಂದ್ರ ಒಳಗ ಹೋದ ಬೆಳಕೂ ಹೊರಗ ಬರಲಾರದಷ್ಟು ಜೋರು ಎಳಿಯೋ ವಸ್ತು. ಮಧ್ಯಾಹ್ನ ಬಿಸಿಯೂಟ ಮುಗಿಸಿ ಸೀದಾ ನನ್ನ ಹತ್ರ ಬಂದು ನಿಂತ್ಲು, ಸರ್ ಅದು ನಮ್ಮ ಸೂರ್ಯನ್ನೂ ನುಂಗ್ತೈತೇನ್ರಿ, ಯಾವಾಗ ನುಂಗ್ತೈತ್ರಿ ಅಂದ್ಲು. ಖರೇನ ಅಂಜಿದ್ಲು ಹುಡುಗಿ. ಅದಕ್ಕ ಈ ಪತ್ರ ಬರ್ಯಾಕತ್ತೀನಿ.

ಆಕಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನ್ರಿ. ನಮ್ಮ ಸೂರ್ಯನ್ನ ತಗದು ಆ ಜಾಗಾದಾಗ ಅಷ್ಟ ತೂಕದ ಬ್ಲಾಕ್ ಹೋಲ್ ಇಟ್ರೂ ಭೂಮಿ ಈಗ ಹೆಂಗ ಸುತ್ತಾಕತ್ತೈತಿ ಹಂಗ ಸುತ್ತತೈತಿ, ಬೆಳಕಿಲ್ಲದ ಎಲ್ಲಾ ಹೆಪ್ಪುಗಟ್ಟಿ ಹೋಗಬಹುದು ಆದ್ರ ಎಳಕೊಂಡು ನುಂಗಂಗಿಲ್ಲ. ನಮ್ಮ ಗೆಲಾಕ್ಸಿ ನಡುಕ ಇರೋ ಬ್ಲಾಕ್ ಹೋಲ್ ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ್ದು, ನಮ್ಮಿಂದ ಸುಮಾರು 26 ಸಾವಿರ ಬೆಳಕಿನ ವರ್ಷ (ಬೆಳಕು ಒಂದು ವರ್ಷದಾಗ ಓಡೋ ದೂರಕ್ಕ ಒಂದು ಬೆಳಕಿನ ವರ್ಷ ಅಂತಾರ) ದೂರ ಐತಿ, 2022ರ ಮೇ ತಿಂಗಳದಾಗ ಅದರ ಫೋಟೋನೂ ಬಂತು. ಅದು ಹತ್ರ ಹೋಗಿದ್ದನ್ನ ಬಿಡಂಗಿಲ್ಲ, ನಿಜ. ಆದ್ರ ದೂರ ಇದ್ದದ್ದನ್ನ ಹುಡುಕ್ಕೊಂಡು ಬರೋ ಸ್ವಭಾವ ಅದಕ್ಕಿಲ್ಲ.

ಇನ್ನ ಆಕ್ಟಿವ್ ಬ್ಲಾಕ್ ಹೋಲ್ ಅಂದ್ರ ಏನಂತ ಆ ಸುದ್ದ್ಯಾಗ ಒಂದ್ ಸಾಲೂ ಇರಲಿಲ್ಲ. ಸುತ್ತಲಿನ ಗ್ಯಾಸು ಒಳಗ ಬೀಳಾಕ ಹೊಂಟಾಗ ಸೀದಾ ಬೀಳಂಗಿಲ್ಲ, ತಟ್ಟಿ ಹಂಗ ಆಗಿ ಸುತ್ತಿ ಸುತ್ತಿ ಒಂದಕ್ಕೊಂದು ತಿಕ್ಕಿ ಕಾದು ಇಡೀ ಗೆಲಾಕ್ಸಿಗಿಂತ ಜಾಸ್ತಿ ಹೊಳಿಯೋದೂ ಉಂಟು, ಆಗ ಅಲ್ಲಿಂದ ಜೋರು ಗಾಳಿ ಹೊರಗ ಹೊಡಿತೈತಿ. ಅಂದ್ರ ಅದು ನುಂಗೋದ್ರ ಜೋಡಿ ಊದತೈತಿ ಸುದ್ದಾ, ಮತ್ತ ದೂರದ ಮ್ಯಾಲ ಆಗೋ ಪರಿಣಾಮ ಹೆಚ್ಚಾಗಿ ಈ ಊದೋದರಿಂದನ. ನಮ್ಮ ಇಡೀ ಗೆಲಾಕ್ಸಿನೂ ಒಂದು ತಟ್ಟಿ ಹಂಗ ಚಪ್ಪಟಿ ಐತಿ, ಆ ತಟ್ಟಿಯಿಂದ ಮ್ಯಾಲೊಂದು ಕೆಳಗೊಂದು, ಒಂದೊಂದು ಸುಮಾರು 25 ಸಾವಿರ ಬೆಳಕಿನ ವರ್ಷ ಎತ್ತರದ ಕಾದ ಗ್ಯಾಸಿನ ಗುಳ್ಳಿ ಅದಾವು, ಫರ್ಮಿ ಟೆಲಿಸ್ಕೋಪಿನ ಮಾಹಿತಿಯೊಳಗ 2010ರಾಗ ಕಂಡವು. ನಮ್ಮ ಬ್ಲಾಕ್ ಹೋಲ್ ಈಗ ಸುಮ್ಮನ ಐತಿ, ಹಿಂದೊಮ್ಮೆ ಜೋರಾಗಿ ಊದಿದ ಗುರುತು ಅವು ಅಂತ ಭಾಳ ವಿಜ್ಞಾನಿಗಳು ಹೇಳ್ತಾರ.

ಈಗ ಸಣ್ಣ ಗೆಲಾಕ್ಸಿಗಳ ಮಾತಿಗೆ ಬರ್ತೀನಿ. ಸುಗ್ಗಿ ಮುಗಿದ ಮ್ಯಾಲ ನಮ್ಮ ಕಡೆ ಟ್ರ್ಯಾಕ್ಟರಿನ್ಯಾಗ ಶೇಂಗಾ ಹೊಟ್ಟು ತುಂಬ್ಕೊಂಡು ಹೊಂಟಾಗ ಮ್ಯಾಲ ತಾಡಪತ್ರಿ ಕಟ್ಟಲಿಲ್ಲಂದ್ರ ದಾರಿ ತುಂಬ ಹೊಟ್ಟು ಹಾರ್ಕೊಂತ ಹೋಗತೈತಿ, ಅವತ್ತು ಗಾಳಿ ಇರಬೇಕಂತೇನಿಲ್ಲ, ಗಾಡಿ ಓಡಿದ್ರ ಸಾಕು. ದೊಡ್ಡ ಗೆಲಾಕ್ಸಿ ಸುತ್ತ ತಿರುಗೋ ಸಣ್ಣ ಗೆಲಾಕ್ಸಿಗಳ ಗತಿನೂ ಹಂಗ. ದೊಡ್ಡದರ ಸುತ್ತ ತೆಳ್ಳಗ ಕಾದ ಗ್ಯಾಸು ಹರಡಿರ್ತೈತಿ, ಅದರಾಗ ಓಡೋವಾಗ ಸಣ್ಣದರ ಗ್ಯಾಸೆಲ್ಲಾ ಕಿತ್ತುಕೊಂಡು ಹೋಗತೈತಿ, ಗ್ಯಾಸು ಹೋತಂದ್ರ ಹೊಸಾ ನಕ್ಷತ್ರ ಹುಟ್ಟೋದು ನಿಂತ ಹೋತು. ಅದು ಬ್ಲಾಕ್ ಹೋಲ್ ನುಂಗಿದ್ದಲ್ರಿ.

2021ರಾಗ ಸ್ಪೇನಿನ ಕ್ಯಾನರಿ ದ್ವೀಪದ ಖಗೋಳ ವಿಜ್ಞಾನಿ ಇಗ್ನಾಸಿಯೊ ಮಾರ್ಟಿನ್ ನವಾರೊ ಮತ್ತ ಅವರ ಜೋಡಿ ಇದ್ದವರು ಸುಮಾರು 30 ಸಾವಿರ ಗೆಲಾಕ್ಸಿ ಗುಂಪಿನ್ಯಾಗಿನ 1 ಲಕ್ಷ 24 ಸಾವಿರದಷ್ಟು ಸಣ್ಣ ಗೆಲಾಕ್ಸಿಗಳ ಲೆಕ್ಕಾ ನೋಡಿ ನೇಚರ್ ಪತ್ರಿಕೆಯೊಳಗ ಬರದ್ರು. ದೊಡ್ಡ ಗೆಲಾಕ್ಸಿಯ ತಟ್ಟಿ ಅಡ್ಡ ಹರಡಿದ ಕಡೆ ಇರೋ ಸಣ್ಣವು ಜಾಸ್ತಿ ಸೊರಗಿರ್ತಾವು, ತಟ್ಟಿಯ ಮ್ಯಾಲ ಕೆಳಗ ಇರೋವು ಅಷ್ಟು ಸೊರಗಿರಂಗಿಲ್ಲ, ಅಲ್ಲಿ ಇನ್ನೂ ನಕ್ಷತ್ರ ಹುಟ್ಟಾಕತ್ತಾವು. ಅವರು ಕೊಡೋ ಕಾರಣ ಏನಂದ್ರ, ಬ್ಲಾಕ್ ಹೋಲಿನ ಗಾಳಿ ಮ್ಯಾಲ ಕೆಳಗ ಹೊಡದು ಆ ದಾರ್ಯಾಗಿನ ಗ್ಯಾಸನ್ನ ತೆಳ್ಳಗ ಮಾಡಿರ್ತೈತಿ, ಹಂಗಾಗಿ ಅಲ್ಲಿ ಓಡೋ ಸಣ್ಣದಕ್ಕ ಎದುರುಗಾಳಿ ಕಮ್ಮಿ. ವ್ಯತ್ಯಾಸ ಭಾಳೇನಿಲ್ಲ ಖರೆ, ಆದ್ರ ಇಷ್ಟು ದೊಡ್ಡ ಲೆಕ್ಕದಾಗ ಸ್ಪಷ್ಟ ಕಾಣಸ್ತೈತಿ. ಇದನ್ನ ಓದಿದ ರಾತ್ರಿ ನನಗ ನಿದ್ದಿ ಹತ್ತಲಿಲ್ರಿ, ಯಾವುದನ್ನ ನಾವು ಕೊಲ್ತೈತಿ ಅಂದ್ಕೊಂಡಿದ್ವಿ ಅದು ಸಣ್ಣವಕ್ಕ ದಾರಿ ಬಿಡಿಸಿ ಕೊಟ್ಟೈತಿ.

ಹೆನೈಜ್ 2-10 ಅಂತ ಇನ್ನೊಂದು ಸಣ್ಣ ಗೆಲಾಕ್ಸಿ ಐತಿ, ಸುಮಾರು 3 ಕೋಟಿ ಬೆಳಕಿನ ವರ್ಷ ದೂರ, ಅದರದ ಸ್ವಂತ ಬ್ಲಾಕ್ ಹೋಲ್ ಸುಮಾರು 10 ಲಕ್ಷ ಸೂರ್ಯರಷ್ಟು. 2022ರ ಜನವರಿಯೊಳಗ ಜ್ಯಾಕರಿ ಶುಟ್ಟೆ ಮತ್ತ ಏಮಿ ರೈನ್ಸ್ ಅನ್ನೋರು ಹಬಲ್ ಟೆಲಿಸ್ಕೋಪಿಂದ ತೋರಿಸಿದ್ರು, ಅದರಿಂದ ಹೊಂಟ ಗ್ಯಾಸಿನ ಹರಿವು 230 ಬೆಳಕಿನ ವರ್ಷ ಉದ್ದ ಹೋಗಿ ಒಂದು ಗ್ಯಾಸಿನ ಮೋಡಕ್ಕ ತಾಗಿ ಒತ್ತಿ, ಅಲ್ಲಿ ಹೊಸಾ ನಕ್ಷತ್ರ ಹುಟ್ಟಾಕತ್ತಾವಂತ. ಎಲ್ಲಾ ಕಡೆ ಹಿಂಗ ಅಂತ ನಾ ಹೇಳಂಗಿಲ್ಲ, ಗಾಳಿ ಭಾಳ ಜೋರಾದ್ರ ಗ್ಯಾಸು ಕಾದು ಹೊರಗ ಹೋಗಿ ನಕ್ಷತ್ರ ಹುಟ್ಟೋದು ನಿಲ್ಲತೈತಿ, ಅದೂ ಐತಿ. ಎರಡೂ ಬರೀರಿ ಅಂತಷ್ಟ ನನ್ನ ಮಾತು.

ಹೆಡ್ಡಿಂಗಿಗೆ ಇಷ್ಟ್ಯಾಕ ಅಂತೀರೇನೋ. ನಮ್ಮ ಗೆಲಾಕ್ಸಿಯ ನಡುಭಾಗ ಆಕಾಶದಾಗ ಎಲ್ಲೈತಂದ್ರ ಮೂಲಾ ನಕ್ಷತ್ರದ ಹತ್ರ, ವೃಶ್ಚಿಕದ ಬಾಲದ ಬಾಜೂಕ. ನಮ್ಮ ಅಕ್ಕ ಮೂಲಾ ನಕ್ಷತ್ರದಾಗ ಹುಟ್ಟಿದಾಕಿ. ಮೂಲಾದಾಕಿ ಮಾವಗ ಆಗಿ ಬರಂಗಿಲ್ಲ ಅಂತ ಜಾತಕ ನೋಡಿ ನೋಡಿ ಬಂದವರೆಲ್ಲಾ ವಾಪಸ್ ಹೋದ್ರು, ಅವ್ವ ಒಲಿ ಮುಂದ ಕುಂತು ಅಳೋದನ್ನ ನಾ ಸಣ್ಣಾವಿದ್ದಾಗ ಕಣ್ಣಾರೆ ನೋಡೇನಿ. ಆಕಾಶದಾಗಿನ ಒಂದು ಹೆಸರಿಗೆ ಅಂಜಿಕಿ ಅಂಟಿಸಿಬಿಟ್ರ ಅದು ಯಾರ್ಯಾರ ಮನಿಗೆ ಹೋಗಿ ಮುಟ್ಟತೈತಿ ಅಂತ ನನಗ ಗೊತ್ತೈತ್ರಿ, ಅದಕ್ಕ ನಮ್ಮ ಸಾಲಿ ಹುಡುಗಿ ಅಂಜಿದ್ದನ್ನ ಸಣ್ಣ ಮಾತು ಅಂತ ಬಿಡಾಕ ಆಗಲಿಲ್ಲ.

ಬ್ಲಾಕ್ ಹೋಲನ್ನ ಅಲುಗಾಡಿಸಿದ್ರ ಅದು ಗಂಟಿ ಹಂಗ ಹೆಂಗ ನುಡಿದು ಮೆಲ್ಲಕ ಸುಮ್ಮನಾಗತೈತಿ ಅಂತ 1970ರಾಗ ಲೆಕ್ಕಾ ಮಾಡಿ ತೋರಿಸಿದವರು ಬೆಂಗಳೂರಾಗ ಹುಟ್ಟಿದ ಭೌತವಿಜ್ಞಾನಿ ಸಿ ವಿ ವಿಶ್ವೇಶ್ವರ. ಅವರ ಹೆಸರು ನಮ್ಮ ಹುಡುಗರಿಗೆ ಗೊತ್ತಿಲ್ಲ, ರಾಕ್ಷಸ ಅನ್ನೋದು ಗೊತ್ತೈತಿ. ಅವರ ಬಗ್ಗೆ ಅರ್ಧ ಪುಟ ಕೊಡ್ರಿ.

ಏಪ್ರಿಲ್ ತಿಂಗಳ ನಸುಕಿನ್ಯಾಗ ನಾಕರ ಸುಮಾರಿಗೆ ಕಪ್ಪತಗುಡ್ಡದ ಕಡೆ ಊರ ಲೈಟಿಲ್ಲದಲ್ಲಿ ದಕ್ಷಿಣಕ್ಕ ಮುಖಾ ಮಾಡಿ ನಿಂತ್ರ, ನೆತ್ತಿಗೂ ನೆಲಕ್ಕೂ ಸರಿ ನಡುಕ ನಮ್ಮ ಗೆಲಾಕ್ಸಿಯ ನಡುಭಾಗದ ದಿಕ್ಕು ಕಾಣಸ್ತೈತಿ, ಹಾಲು ಚೆಲ್ಲಿದಂಗ ಬೆಳಕು ದಟ್ಟ ಇರ್ತೈತಿ ಅಲ್ಲಿ. ಬ್ಲಾಕ್ ಹೋಲ್ ಕಾಣಂಗಿಲ್ಲ, ಅದಿರೋ ಜಾಗಾ ಬೊಟ್ಟು ಮಾಡಿ ತೋರಿಸಬಹುದು. ಒಂದು ಸಣ್ಣ ನಕಾಶಿ ಹಾಕಿ ಇಷ್ಟು ಬರದು ನಿಮ್ಮ ಪೇಪರಿನ್ಯಾಗ ಹಾಕ್ರಿ. ಮುಂದಿನ ಗುರುವಾರ ಪ್ರಾರ್ಥನಾದಾಗ ಓದೋ ಪಾಳಿ ಮತ್ತ ಅದ ಹುಡುಗೀದ ಐತಿ.

ಒಬ್ಬ ವಿಜ್ಞಾನ ಮಾಸ್ತರ, ಮುಂಡರಗಿ ತಾಲೂಕು, ಗದಗ ಜಿಲ್ಲಾ